ಆರು ಸಾವಿರ ಪೌಂಡಿನ ಗೆರೆ: ಅಮೆರಿಕದ ಹೊಸ ಚಾಲಕರು ಮತ್ತು ದೊಡ್ಡ ಪಿಕಪ್

ಹದಿಹರೆಯದ ಮಕ್ಕಳಿಗೆ ತೀರಾ ಚಿಕ್ಕ ಕಾರು ಕೊಡಬೇಡಿ, ಸ್ವಲ್ಪ ತೂಕವಿರುವ ಗಾಡಿಯೇ ಲೇಸು ಎಂದು ಅಮೆರಿಕದ ರಸ್ತೆ ಸುರಕ್ಷತಾ ತಜ್ಞರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಆದರೆ ಹೊಸ ಚಾಲಕರಿಗೆ ತಕ್ಕ ಗಾಡಿಗಳೆಂದು ಅವರೇ ಪ್ರಕಟಿಸುವ ಪಟ್ಟಿಯಲ್ಲಿ ಆ ದೇಶದ ಅತಿ ಭಾರದ, ಅತಿ ಜನಪ್ರಿಯ ಗಾಡಿಯಾದ ಪೂರ್ಣ ಗಾತ್ರದ ಪಿಕಪ್‌ಗೆ ಜಾಗವಿಲ್ಲ. 2025ರ ಆರಂಭದಲ್ಲಿ, ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಇನ್ನೊಂದು ಮಾತು ಸೇರಿಸಿತು. ಸರಾಸರಿಗಿಂತ ಭಾರವಾದ ಗಾಡಿಗೆ ಮತ್ತಷ್ಟು ತೂಕ ಸೇರಿದರೆ ಒಳಗೆ ಕುಳಿತವರಿಗೆ ಈಗ ಹೆಚ್ಚೇನೂ ರಕ್ಷಣೆ ಸಿಗುವುದಿಲ್ಲ, ಎದುರಿನ ಗಾಡಿಯವರಿಗೆ ಅಪಾಯ ಮಾತ್ರ ಹೆಚ್ಚುತ್ತದೆ ಎಂಬುದು ಅದರ ಅಧ್ಯಯನದ ಸಾರ. ಅದೇ ವರ್ಷದ ಜುಲೈಯಲ್ಲಿ ಅಮೆರಿಕದ ಸಂಸತ್ತು, ಇಂಧನ ಮಿತವ್ಯಯದ ಗುರಿ ತಪ್ಪಿದ ವಾಹನ ತಯಾರಕರ ಮೇಲಿನ ದಂಡವನ್ನು ಸೊನ್ನೆಗೆ ಇಳಿಸಿತು. ದೊಡ್ಡ ಗಾಡಿಗಳ ಮೇಲಿದ್ದ ಒಂದು ಒತ್ತಡ ಇದರಿಂದ ಕಳಚಿತು.

ಈ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಭಾರದ ಗಾಡಿ ಸುರಕ್ಷಿತವೋ ಅಪಾಯಕಾರಿಯೋ? ಅಪಾಯಕಾರಿಯಾದರೆ ಹದಿನಾರು ವರ್ಷದವರ ಕೈಗೆ ಅದನ್ನು ಕೊಡಲು ಕಾನೂನು ಹೇಗೆ ಬಿಡುತ್ತದೆ? ಮಕ್ಕಳಿಗೆ ಹದಿನೈದು ತುಂಬುತ್ತಲೇ ಪರ್ಮಿಟ್ಟಿನ ಮಾತು ಶುರುವಾಗುವ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಕನ್ನಡ ಕುಟುಂಬಗಳಿಗೂ ಇದು ಮನೆಯೊಳಗಿನ ಪ್ರಶ್ನೆ. ಮನೆಯಲ್ಲಿ ಪಿಕಪ್ ಇಲ್ಲದಿದ್ದರೂ ಪ್ರಶ್ನೆ ತಪ್ಪುವುದಿಲ್ಲ, ಏಕೆಂದರೆ ಪಕ್ಕದ ಮನೆಯ ಹುಡುಗ ಅದನ್ನು ಓಡಿಸುತ್ತಿರುತ್ತಾನೆ.

ಯಾವ ಪಿಕಪ್?

ಕರ್ನಾಟಕದಲ್ಲಿ ಪಿಕಪ್ ಎಂದರೆ ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಮಾರುಕಟ್ಟೆಗೆ ಹೊರಟ ಬೊಲೆರೊ ನೆನಪಾಗುತ್ತದೆ. ಅದು ದುಡಿಮೆಯ ಗಾಡಿ. ಅಮೆರಿಕದಲ್ಲಿ ಅದೇ ಹೆಸರಿನ ಫೋರ್ಡ್ ಎಫ್-150, ಷೆವರ್ಲೆ ಸಿಲ್ವರಾಡೊ, ರ‍್ಯಾಮ್ 1500 ಮೊದಲಾದವು ಬಹುಪಾಲು ಮನೆಗಳಲ್ಲಿ ಕುಟುಂಬದ ಕಾರಿನ ಕೆಲಸವನ್ನೇ ಮಾಡುತ್ತವೆ. ಎಫ್-150ರ ಉದ್ದ ಮಾದರಿಗೆ ತಕ್ಕಂತೆ ಸುಮಾರು 5.3 ಮೀಟರಿನಿಂದ 6.2 ಮೀಟರಿನವರೆಗೆ ಇರುತ್ತದೆ. ಅಗಲ 2 ಮೀಟರಿಗೆ ಮೇಲೆ, ಕನ್ನಡಿಗಳನ್ನೂ ಸೇರಿಸಿದರೆ ಸುಮಾರು 2.4 ಮೀಟರ್. ಖಾಲಿ ಗಾಡಿಯ ತೂಕವೇ ಎರಡು ಟನ್ನಿನ ಆಸುಪಾಸಿನಿಂದ ಎರಡೂವರೆ ಟನ್ನಿನವರೆಗೆ ಏರುತ್ತದೆ, ವಿದ್ಯುತ್ ಮಾದರಿಯದು ಅದಕ್ಕೂ ಹೆಚ್ಚು. ತಮಾಷೆಯೆಂದರೆ, 1.3 ಟನ್ ಮತ್ತು 1.7 ಟನ್ ಹೊರುವ ಮಾದರಿಗಳಲ್ಲಿ ಮಾರಾಟವಾಗುವ ನಮ್ಮ ಬೊಲೆರೊ ಪಿಕಪ್, ತನಗಿಂತ ಎಷ್ಟೋ ಅಗಲವಾದ ಈ ಅಮೆರಿಕನ್ ಗಾಡಿಗಿಂತ ಹೆಚ್ಚು ಸರಕು ಹೊರುತ್ತದೆ. ಹಾಗಾಗಿ ಗಾತ್ರ ಬೆಳೆದದ್ದು ಹೊರೆಗಾಗಿ ಎಂದರೆ ಅರ್ಧ ಸತ್ಯವಾಗುತ್ತದೆ.

ಮಿಕ್ಕ ಅರ್ಧವನ್ನು ತೆರಿಗೆ ಮತ್ತು ನಿಯಮಗಳಲ್ಲಿ ಹುಡುಕಬೇಕು. ಅಮೆರಿಕದ ಕೋಳಿಮಾಂಸದ ಮೇಲೆ ಪಶ್ಚಿಮ ಯುರೋಪಿನ ದೇಶಗಳು ಸುಂಕ ಹೇರಿದ್ದಕ್ಕೆ ಪ್ರತಿಯಾಗಿ ಅಮೆರಿಕ 1964ರಿಂದ ಆಮದು ಲಘು ಟ್ರಕ್ಕುಗಳ ಮೇಲೆ ಶೇ 25ರ ಸುಂಕ ಹಾಕಿತು. ಕೋಳಿಯ ಜಗಳ ಮುಗಿದು ಎಷ್ಟೋ ಕಾಲವಾದರೂ ಟ್ರಕ್ಕಿನ ಸುಂಕ ಉಳಿದುಕೊಂಡಿತು. ಹೊರಗಿನ ಸ್ಪರ್ಧೆ ಇಲ್ಲದ ಈ ವಿಭಾಗ ದೇಶೀಯ ಕಂಪನಿಗಳಿಗೆ ಅತಿ ಹೆಚ್ಚು ಲಾಭ ತರುವ ವಿಭಾಗವಾಯಿತು. ಅದರ ಮೇಲೆ, ಇಂಧನ ಮಿತವ್ಯಯದ ನಿಯಮಗಳು ಕಾರುಗಳಿಗಿಂತ ಟ್ರಕ್ಕುಗಳಿಗೆ ಸಡಿಲವಾಗಿವೆ. ನಾಲ್ಕು ಚಕ್ರಗಳ ನಡುವಿನ ನೆಲದ ವಿಸ್ತಾರ ಹೆಚ್ಚಿದಷ್ಟೂ ಗುರಿ ಇನ್ನಷ್ಟು ಹಗುರಾಗುವಂತೆ ಅವುಗಳನ್ನು ರೂಪಿಸಲಾಗಿದೆ. ಗಾಡಿ ದೊಡ್ಡದು ಮಾಡಿದರೆ ಪರೀಕ್ಷೆ ಸುಲಭವಾಗುತ್ತದೆ ಎಂದಾಗ ತಯಾರಕರು ಯಾವ ಕಡೆ ವಾಲುತ್ತಾರೆಂದು ಊಹಿಸುವುದು ಕಷ್ಟವಲ್ಲ. 2018ರಲ್ಲಿ ಫೋರ್ಡ್ ಕಂಪನಿ ಅಮೆರಿಕದ ಮಾರುಕಟ್ಟೆಯಲ್ಲಿ ಸೆಡಾನ್ ಕಾರುಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಇಂದು ಅಲ್ಲಿ ಮಾರಾಟವಾಗುವ ಹೊಸ ವಾಹನಗಳಲ್ಲಿ ಪಿಕಪ್, ಎಸ್‌ಯುವಿ, ವ್ಯಾನ್‌ಗಳ ಪಾಲು ಹತ್ತಿರಹತ್ತಿರ ಶೇ 80.

ಹದಿಹರೆಯದವರು ಸಾಮಾನ್ಯವಾಗಿ ಹೊಸ ಗಾಡಿ ಕೊಳ್ಳುವುದಿಲ್ಲ, ಮನೆಯಲ್ಲಿ ಇರುವುದರಲ್ಲೇ ಕಲಿಯುತ್ತಾರೆ. ದೊಡ್ಡವರು ಕೊಂಡದ್ದೇ ಕೆಲವು ವರ್ಷಗಳ ನಂತರ ಕಿರಿಯರ ಪಾಲಿಗೆ ಬರುತ್ತದೆ. ಹೊಸ ಚಾಲಕರ ಕೈಗೆ ಪಿಕಪ್ ಬಂದದ್ದಕ್ಕೆ ಈ ಸರಳ ಸರಪಳಿಯೇ ಮುಖ್ಯ ಕಾರಣ, ಹುಡುಗರ ಶೋಕಿ ಆಮೇಲಿನ ಮಾತು.

ಪರವಾನಗಿ ಏನನ್ನು ಅಳೆಯುತ್ತದೆ

ಅಮೆರಿಕದಲ್ಲಿ ಚಾಲನಾ ಪರವಾನಗಿ ಆಯಾ ರಾಜ್ಯದ ವಿಷಯ. ಟೆಕ್ಸಸ್‌ನಲ್ಲಿ 15ಕ್ಕೆ ಕಲಿಕಾ ಪರ್ಮಿಟ್ ಸಿಗುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆಗೆ, ಸೌತ್ ಡಕೋಟಾದಂತಹ ಕೃಷಿಪ್ರಧಾನ ರಾಜ್ಯದಲ್ಲಿ 14ಕ್ಕೇ. 1996ರಲ್ಲಿ ಫ್ಲೋರಿಡಾದಿಂದ ಆರಂಭವಾಗಿ ಈಗ ಎಲ್ಲ ರಾಜ್ಯಗಳಿಗೂ ಹಬ್ಬಿರುವ ಪದ್ಧತಿಯ ಪ್ರಕಾರ ಹೊಸ ಚಾಲಕರು ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗಬೇಕು. ಮೊದಲು ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಕೆ, ಬಳಿಕ ಷರತ್ತುಗಳಿರುವ ತಾತ್ಕಾಲಿಕ ಪರವಾನಗಿ, ಕೊನೆಗೆ ಪೂರ್ಣ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ 50 ಗಂಟೆ ಅಭ್ಯಾಸ ಕಡ್ಡಾಯ, ಅದರಲ್ಲಿ 10 ಗಂಟೆ ರಾತ್ರಿಯ ಹೊತ್ತಿನಲ್ಲಿ ಆಗಬೇಕು. ತಾತ್ಕಾಲಿಕ ಪರವಾನಗಿಯ ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ, 20 ವರ್ಷದೊಳಗಿನ ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ನ್ಯೂಜೆರ್ಸಿಯಲ್ಲಿ 2010ರಿಂದ ಹೊಸ ಚಾಲಕರು ನಂಬರ್ ಪ್ಲೇಟಿನ ಮೇಲೆ ಕೆಂಪು ಗುರುತಿನ ಚೀಟಿಯನ್ನೂ ಅಂಟಿಸಬೇಕು.

ಈ ನಿಯಮಗಳು ಅಂದಾಜಿನಲ್ಲಿ ಹುಟ್ಟಿದವಲ್ಲ. ಓಡಿಸಿದ ಮೈಲಿಗಳ ಲೆಕ್ಕದಲ್ಲಿ, 16ರಿಂದ 19 ವರ್ಷದ ಚಾಲಕರು ಪ್ರಾಣಹಾನಿಯ ಅಪಘಾತಕ್ಕೆ ಸಿಲುಕುವ ಪ್ರಮಾಣ 20 ದಾಟಿದವರದ್ದಕ್ಕಿಂತ ಸುಮಾರು ಮೂರು ಪಟ್ಟು. ರಾತ್ರಿಯ ಕತ್ತಲೆ ಮತ್ತು ಜತೆಗಾರರ ಗದ್ದಲ ಈ ಅಪಾಯವನ್ನು ಇನ್ನಷ್ಟು ಏರಿಸುತ್ತವೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಮೆಟ್ಟಿಲಿನ ಪದ್ಧತಿ ಬಂದ ನಂತರ ಹದಿಹರೆಯದವರ ಮಾರಕ ಅಪಘಾತಗಳು ಗಣನೀಯವಾಗಿ ಇಳಿದಿವೆ.

ಇಷ್ಟು ಎಚ್ಚರದ ಕಾನೂನಿನಲ್ಲಿ ವಾಹನ ಯಾವುದು ಎಂಬ ಪ್ರಶ್ನೆ ಮಾತ್ರ ಇಲ್ಲ. ಸಾಮಾನ್ಯ ಪರವಾನಗಿ ಹೊಂದಿದವರು 26,000 ಪೌಂಡ್, ಅಂದರೆ ಸುಮಾರು 11,800 ಕೆ.ಜಿ. ಒಟ್ಟು ತೂಕದವರೆಗಿನ ಒಂಟಿ ವಾಹನವನ್ನು ಓಡಿಸಬಹುದು, ಅದನ್ನು ಮೀರಿದರೆ ಮಾತ್ರ ವಾಣಿಜ್ಯ ಪರವಾನಗಿ ಬೇಕು. ಚಾಲನಾ ಪರೀಕ್ಷೆಗೆ ಗಾಡಿಯನ್ನು ಅಭ್ಯರ್ಥಿಯೇ ತರುತ್ತಾರೆ. ಬೆಳಿಗ್ಗೆ ಅಜ್ಜಿಯ ಕೊರೊಲಾದಲ್ಲಿ ಪರೀಕ್ಷೆ ಪಾಸಾದ ಹುಡುಗಿ ಸಂಜೆ ಎಫ್-150ಕ್ಕಿಂತಲೂ ಭಾರವಾದ ಅಪ್ಪನ ಎಫ್-350 ಏರಿ ಹೊರಟರೆ ಅದರಲ್ಲಿ ಕಾನೂನಿನ ಉಲ್ಲಂಘನೆ ಇಲ್ಲ. ಎಷ್ಟು ಹೊತ್ತಿಗೆ ಓಡಿಸಬಹುದು, ಯಾರನ್ನು ಕೂರಿಸಿಕೊಳ್ಳಬಹುದು ಎಂದು ಕೇಳುವ ರಾಜ್ಯ, ಏನನ್ನು ಓಡಿಸುತ್ತೀ ಎಂದು ಕೇಳುವುದಿಲ್ಲ.

ಒಂದೇ ಗೆರೆ, ಎರಡು ಅರ್ಥ

ಆ ಪ್ರಶ್ನೆಯನ್ನು ಅಮೆರಿಕದ ಕಾನೂನು ಎಲ್ಲಿಯೂ ಕೇಳಿಲ್ಲ ಎಂದಲ್ಲ. ಕೇಂದ್ರದ ಕಾರ್ಮಿಕ ಕಾನೂನು ಕೇಳಿದೆ, ಉತ್ತರವನ್ನೂ ಬರೆದಿಟ್ಟಿದೆ. ಆ ಕಾನೂನಿನ ಪ್ರಕಾರ, ಕೃಷಿಯಲ್ಲದ ಉದ್ಯೋಗಗಳಲ್ಲಿ, 16 ವರ್ಷದವರು ಕೆಲಸದ ಭಾಗವಾಗಿ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸುವುದೇ ನಿಷಿದ್ಧ. 17 ವರ್ಷದವರು ಓಡಿಸಬಹುದು, ಆದರೆ ಹಗಲಿನಲ್ಲಿ ಮಾತ್ರ, ಅಪರೂಪಕ್ಕೊಮ್ಮೆ ಮಾತ್ರ. ಇನ್ನೊಂದು ಗಾಡಿಯನ್ನು ಎಳೆದುಕೊಂಡು ಹೋಗುವಂತಿಲ್ಲ. ಹೊತ್ತಿಗೆ ಸರಿಯಾಗಿ ಪಿಜ್ಜಾ ತಲುಪಿಸುವಂತಹ ತುರ್ತಿನ ಕೆಲಸಕ್ಕೆ ಹಚ್ಚುವಂತಿಲ್ಲ. ಈ ಚರ್ಚೆಗೆ ಬೇಕಾದ ಷರತ್ತೂ ಅಲ್ಲೇ ಇದೆ: ಗಾಡಿ, ಜನ, ಸರಕು ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ 6,000 ಪೌಂಡ್ ಮೀರಬಾರದು. ಕೆ.ಜಿ.ಯಲ್ಲಿ ಅದು ಸುಮಾರು 2,720. ಎಫ್-150ರ ಬಹುತೇಕ ಎಲ್ಲ ಮಾದರಿಗಳ ಗರಿಷ್ಠ ತೂಕ ಈ ಗೆರೆಯ ಆಚೆಗಿದೆ. ಅಂದರೆ ಅಂಗಡಿಯವನು ತನ್ನ ಪಿಕಪ್ಪಿನ ಬೀಗದ ಕೈಯನ್ನು 17ರ ನೌಕರನಿಗೆ ಕೊಟ್ಟು ಪಕ್ಕದ ಬೀದಿಗೆ ಕಳಿಸಿದರೆ ತಪ್ಪು, ಅದೇ ಹುಡುಗ ಕೆಲಸ ಮುಗಿಸಿ ತನ್ನ ಸ್ವಂತ ಪಿಕಪ್ಪಿನಲ್ಲಿ ಮನೆಗೆ ಹೋದರೆ ಸರಿ.

ತೆರಿಗೆ ಕಾನೂನಿನಲ್ಲಿಯೂ ಇದೇ 6,000 ಪೌಂಡಿನ ಗೆರೆ ಬರುತ್ತದೆ, ಆದರೆ ಅಲ್ಲಿ ಅದು ಬಹುಮಾನದ ಗೆರೆ. ವ್ಯಾಪಾರದ ಬಳಕೆಗೆ ಕೊಂಡ ವಾಹನದ ಗರಿಷ್ಠ ತೂಕ 6,000 ಪೌಂಡ್ ದಾಟಿದ್ದರೆ ಸಣ್ಣ ಕಾರಿಗೆ ಸಿಗದಷ್ಟು ಮೊತ್ತವನ್ನು ಮೊದಲ ವರ್ಷವೇ ಖರ್ಚೆಂದು ತೋರಿಸಬಹುದು. ಹಿಂಬದಿಯ ಸರಕಿನ ಜಾಗ ಕನಿಷ್ಠ ಆರು ಅಡಿ ಉದ್ದವಿರುವ ಪಿಕಪ್‌ಗಳಿಗೆ, ದೊಡ್ಡ ಎಸ್‌ಯುವಿಗಳ ಮೇಲಿರುವ ಮಿತಿಯೂ ಅನ್ವಯಿಸುವುದಿಲ್ಲ. ಸಣ್ಣ ಗುತ್ತಿಗೆದಾರನೊಬ್ಬ ಯಾವ ಗಾಡಿ ಕೊಳ್ಳುತ್ತಾನೆ, ಆ ಗಾಡಿ ಸಂಜೆಯ ಹೊತ್ತಿಗೆ ಯಾರ ಮನೆಯ ಅಂಗಳದಲ್ಲಿ ನಿಲ್ಲುತ್ತದೆ, ಅದರಲ್ಲಿ ಯಾರು ಕಲಿಯುತ್ತಾರೆ ಎಂಬುದಕ್ಕೆಲ್ಲ ಈ ಲೆಕ್ಕಾಚಾರದ ಸಂಬಂಧವಿದೆ. ಕಾರ್ಮಿಕ ಇಲಾಖೆ ಅಪಾಯವೆಂದು ಎಳೆದ ಗೆರೆಯನ್ನು ದಾಟಿದವರಿಗೆ ತೆರಿಗೆ ಇಲಾಖೆ ರಿಯಾಯಿತಿ ಕೊಡುತ್ತದೆ, ಇವೆರಡರ ನಡುವೆ ನಿಂತ ಪರವಾನಗಿ ಇಲಾಖೆಗೆ ಗೆರೆಯೇ ಕಾಣುವುದಿಲ್ಲ.

ತೂಕದ ಲೆಕ್ಕ

ಈಗ ಮೂಲ ಗೊಂದಲಕ್ಕೆ ಬರೋಣ. 1,400 ಕೆ.ಜಿ.ಯ ಕಾರು ಮತ್ತು 2,300 ಕೆ.ಜಿ.ಯ ಪಿಕಪ್ ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆದು ಒಂದಕ್ಕೊಂದು ಕಚ್ಚಿಕೊಂಡವು ಎಂದುಕೊಳ್ಳಿ. ಭಾರದ ಗಾಡಿ ಹಗುರದ್ದನ್ನು ಹಿಂದಕ್ಕೆ ನೂಕುತ್ತದೆ, ಎರಡೂ ಸೇರಿ ಪಿಕಪ್ ಹೊರಟಿದ್ದ ದಿಕ್ಕಿಗೆ ಸುಮಾರು 12 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ಆ ಕ್ಷಣಾರ್ಧದಲ್ಲಿ ಪಿಕಪ್ಪಿನೊಳಗಿನವರ ವೇಗ 38 ಕಿ.ಮೀ.ಯಷ್ಟು ಬದಲಾದರೆ ಕಾರಿನೊಳಗಿನವರ ವೇಗ 62 ಕಿ.ಮೀ.ಯಷ್ಟು ಬದಲಾಗುತ್ತದೆ. ದೇಹಕ್ಕೆ ಪೆಟ್ಟು ಬೀಳುವುದು ಈ ದಿಢೀರ್ ಬದಲಾವಣೆಯಿಂದಲೇ. ಆದ್ದರಿಂದ ಮಗುವಿಗೆ ದೊಡ್ಡ ಗಾಡಿ ಕೊಡುವ ತಂದೆತಾಯಿಯರ ತರ್ಕ ಹುಸಿಯಲ್ಲ. ಅಪಘಾತಗಳಲ್ಲಿ ಸತ್ತ ಹದಿಹರೆಯದ ಚಾಲಕರು ವಯಸ್ಕರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಣ್ಣ ಹಾಗೂ ಹಳೆಯ ಕಾರುಗಳಲ್ಲಿದ್ದರು ಎಂಬುದನ್ನೂ ಐಐಎಚ್‌ಎಸ್ ತೋರಿಸಿದೆ.

ಆದರೆ ಈ ಲೆಕ್ಕದಲ್ಲಿ ಒಂದು ಗಾಡಿ ಉಳಿಸಿಕೊಂಡದ್ದನ್ನು ಇನ್ನೊಂದು ಗಾಡಿ ತೆತ್ತಿದೆ. ಎದುರಿನ ಗಾಡಿಯೂ ಪಿಕಪ್ಪೇ ಆಗಿದ್ದರೆ ಲಾಭ ಇಬ್ಬರಿಗೂ ಇಲ್ಲ. ರಸ್ತೆಯ ಸರಾಸರಿ ತೂಕ ಏರಿದಂತೆ, ಮತ್ತಷ್ಟು ತೂಕಕ್ಕೆ ಸಿಗುವ ರಕ್ಷಣೆ ಕರಗುತ್ತ ಹೋಗುತ್ತದೆ. 2025ರ ಅಧ್ಯಯನ ಹೇಳಿದ್ದು ಇದನ್ನೇ: ಸರಾಸರಿಗಿಂತ ಹಗುರವಾದ ಗಾಡಿಗೆ ತೂಕ ಸೇರಿದರೆ ಒಳಗಿನವರಿಗೆ ನಿಜವಾದ ಪ್ರಯೋಜನವಿದೆ, ಸರಾಸರಿ ದಾಟಿದ ಮೇಲೆ ಹೊರಗಿನವರ ನಷ್ಟವೇ ಮುಖ್ಯವಾಗುತ್ತದೆ. ಹೀಗಾಗಿ ತಜ್ಞರ ಹಳೆಯ ಮಾತಿಗೂ ಹೊಸ ಮಾತಿಗೂ ವಿರೋಧವಿಲ್ಲ. ತೀರಾ ಹಗುರ ಬೇಡ ಎಂದವರು ಅತಿ ಭಾರ ಬೇಕು ಎಂದಿರಲಿಲ್ಲ. ಇದೇ ಸಂಸ್ಥೆ 2023ರಲ್ಲಿ, ಯಾವ ಮಾದರಿಗಳು ಎದುರಿನ ಗಾಡಿಯ ಚಾಲಕರ ಸಾವಿಗೆ ಹೆಚ್ಚು ಕಾರಣವಾಗುತ್ತವೆ ಎಂದು ಲೆಕ್ಕ ಹಾಕಿದಾಗ ಮೊದಲ ಸ್ಥಾನದಲ್ಲಿದ್ದದ್ದು ರ‍್ಯಾಮ್ 3500 ಎಂಬ ಭಾರೀ ಪಿಕಪ್.

ಹೊಸ ಚಾಲಕರ ವಿಷಯದಲ್ಲಿ ಇನ್ನೊಂದು ಅಂಶವಿದೆ, ಇದನ್ನು ತಂದೆತಾಯಿಯರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹದಿಹರೆಯದವರ ಮಾರಕ ಅಪಘಾತಗಳಲ್ಲಿ ಇನ್ನೊಂದು ಗಾಡಿಯೇ ಇಲ್ಲದವುಗಳ ಪಾಲು ದೊಡ್ಡದು. ಅತಿ ವೇಗದಲ್ಲಿ ತಿರುವು ತಪ್ಪುವುದು, ರಸ್ತೆಯಂಚಿನ ಜಲ್ಲಿಗೆ ಚಕ್ರ ಇಳಿದಾಗ ಗಾಬರಿಯಿಂದ ಸ್ಟೀರಿಂಗ್ ಎಳೆದು ಗಾಡಿ ಮಗುಚುವುದು, ಮರಕ್ಕೆ ಅಪ್ಪಳಿಸುವುದು ಈ ಬಗೆಯವು. ಮರ ಹಿಂದಕ್ಕೆ ಸರಿಯುವುದಿಲ್ಲ. ಗಾಡಿಯ ತೂಕ ಎರಡರಷ್ಟಾದರೆ ಅದೇ ವೇಗದಲ್ಲಿ ಅರಗಿಸಿಕೊಳ್ಳಬೇಕಾದ ಶಕ್ತಿಯೂ ಎರಡರಷ್ಟಾಗುತ್ತದೆ. ಎದುರು ಗಾಡಿಯ ವಿರುದ್ಧ ಸಿಗುವ ತೂಕದ ರಕ್ಷಣೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ, ಎತ್ತರದ ಗಾಡಿಯ ಗುರುತ್ವಕೇಂದ್ರ ಮಾತ್ರ ಮಗುಚುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಪಿಕಪ್ಪಿನಲ್ಲಿ ಕುಳಿತವರು ಸೀಟ್ ಬೆಲ್ಟ್ ಹಾಕುವ ಪ್ರಮಾಣ ಕಾರಿನವರಿಗಿಂತ ಕಡಿಮೆ ಎಂಬುದೂ ಸರ್ಕಾರಿ ಸಮೀಕ್ಷೆಗಳಲ್ಲಿ ವರ್ಷವರ್ಷವೂ ಕಾಣುವ ಸಂಗತಿ. ಭಾರೀ ಗಾಡಿಯಲ್ಲಿದ್ದೇವೆ ಎಂಬ ಧೈರ್ಯವೂ ಇದಕ್ಕೆ ಸ್ವಲ್ಪ ಕಾರಣವಿರಬಹುದು.

ಬಾನೆಟ್ಟಿನ ಮುಂದೆ ನಿಂತವರು

ಕಾರು ಪಾದಚಾರಿಗೆ ಬಡಿದಾಗ ಪೆಟ್ಟು ಸಾಮಾನ್ಯವಾಗಿ ಕಾಲಿಗೆ ಬೀಳುತ್ತದೆ, ದೇಹ ಬಾನೆಟ್ಟಿನ ಮೇಲೆ ಉರುಳುತ್ತದೆ. ಎತ್ತರದ, ಗೋಡೆಯಂತೆ ನೆಟ್ಟಗೆ ನಿಂತ ಮುಂಭಾಗ ಬಡಿದರೆ ಪೆಟ್ಟು ಸೊಂಟ, ಎದೆ, ತಲೆಗೇ ಬಿದ್ದು ಮನುಷ್ಯ ನೆಲಕ್ಕೆ ಒರಗುತ್ತಾನೆ, ಚಕ್ರಗಳು ಅವನ ಕಡೆಗೇ ಬರುತ್ತಿರುತ್ತವೆ. ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಐಐಎಚ್‌ಎಸ್ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚಿಗಿಂತ ಹೆಚ್ಚಿದ್ದರೆ, 30 ಇಂಚಿನ ಒಳಗಿದ್ದು ಇಳಿಜಾರಾಗಿರುವ ಗಾಡಿಗೆ ಹೋಲಿಸಿದಾಗ ಪಾದಚಾರಿ ಸಾಯುವ ಸಾಧ್ಯತೆ ಸುಮಾರು ಶೇ 45ರಷ್ಟು ಹೆಚ್ಚು. ಅಮೆರಿಕದಲ್ಲಿ 2009ರಲ್ಲಿ 4,109 ಪಾದಚಾರಿಗಳು ವಾಹನಗಳಿಗೆ ಸಿಕ್ಕು ಸತ್ತಿದ್ದರು. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಈ ಏರಿಕೆಯನ್ನೆಲ್ಲ ಪಿಕಪ್ಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಗಲವಾದ, ವೇಗದ ನಗರ ರಸ್ತೆಗಳು, ಕತ್ತಲೆ, ಮದ್ಯ, ಮೊಬೈಲ್ ಎಲ್ಲವೂ ಇದರಲ್ಲಿವೆ. ಗಾಡಿಯ ಆಕಾರವೂ ಒಂದು ಕಾರಣ ಎಂಬಷ್ಟಕ್ಕೆ ಪುರಾವೆ ಗಟ್ಟಿಯಾಗಿದೆ.

ಬಡಿದ ಮೇಲಿನ ಮಾತು ಇದಾದರೆ, ಬಡಿಯುವ ಮೊದಲಿನ ಪ್ರಶ್ನೆ ನೋಟದ್ದು. ಎತ್ತರದ ಸೀಟಿನಿಂದ ಎಲ್ಲ ಚೆನ್ನಾಗಿ ಕಾಣುತ್ತದೆ ಎಂಬುದು ಪಿಕಪ್ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಮಾತು. ದೂರದ್ದು ಕಾಣುವುದು ನಿಜ. ಹತ್ತಿರದ್ದನ್ನು ಬಾನೆಟ್ ಮತ್ತು ಮುಂಗಾಜಿನ ದಪ್ಪ ಕಂಬಗಳು ನುಂಗುತ್ತವೆ. 2017ರ ಎಫ್-250ರ ಬಾನೆಟ್ಟಿನ ಅಂಚು ನೆಲದಿಂದ 55 ಇಂಚು ಎತ್ತರದಲ್ಲಿದೆ ಎಂದು ಗ್ರಾಹಕರ ಪರ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಅಳೆದು ತೋರಿಸಿತ್ತು. ಕೆಲವು ಸೆಡಾನ್‌ಗಳ ಛಾವಣಿಯೇ ಅಷ್ಟು ಎತ್ತರ. ಎಡಕ್ಕೆ ತಿರುಗುವ ಗಾಡಿ ರಸ್ತೆ ದಾಟುತ್ತಿರುವ ಪಾದಚಾರಿಯನ್ನು ಕೊಲ್ಲುವ ಬಗೆಯ ಅಪಘಾತ ಕಾರುಗಳಿಗಿಂತ ಪಿಕಪ್‌ಗಳಲ್ಲಿ ಬಹಳ ಹೆಚ್ಚು ಎಂದು 2022ರ ಇನ್ನೊಂದು ಅಧ್ಯಯನ ತೋರಿಸಿತು.

ಆದರೆ 2025ರಲ್ಲಿ ಬಂದ ಅಳತೆಗಳು ಚಿತ್ರವನ್ನು ಸ್ವಲ್ಪ ಜಟಿಲಗೊಳಿಸಿವೆ. ಗಾಡಿಯ ಮುಂದಿನ 10 ಮೀಟರಿನೊಳಗಿನ ಜಾಗದಲ್ಲಿ ಚಾಲಕರಿಗೆ ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕಿದಾಗ, 1997ರ ಎಫ್-150ರಲ್ಲಿ ಶೇ 43ರಷ್ಟು ಕಾಣುತ್ತಿದ್ದದ್ದು 2015ರ ಮಾದರಿಯಲ್ಲಿ ಶೇ 36ಕ್ಕೆ ಇಳಿದಿತ್ತು. ಕುಟುಂಬದ ಸಭ್ಯ ಗಾಡಿ ಎನಿಸಿಕೊಂಡ ಹೋಂಡಾ ಸಿಆರ್-ವಿಯಲ್ಲಿ ಇಳಿಕೆ ಇನ್ನೂ ತೀವ್ರವಾಗಿತ್ತು, ಶೇ 68ರಿಂದ ಶೇ 28ಕ್ಕೆ. ಪಿಕಪ್ ಬಿಡಿಸಿ ಎಸ್‌ಯುವಿ ಕೊಡಿಸಿದೆವು, ಇನ್ನು ನಿಶ್ಚಿಂತೆ ಎಂದುಕೊಂಡವರು ಈ ಸಂಖ್ಯೆಯನ್ನು ಎರಡು ಸಲ ಓದಬೇಕು.

ಕಲಿಯುವ ಕೈಗೆ

ಅನುಭವಿ ಚಾಲಕ ಕಾಣದ ಜಾಗವನ್ನು ಅಂದಾಜಿನಿಂದ ತುಂಬಿಕೊಳ್ಳುತ್ತಾನೆ. ಮಗುವೊಂದು ಈಗಷ್ಟೇ ಕಣ್ಣಿಗೆ ಬಿದ್ದು ಮರೆಯಾದರೆ ಅದು ಎಲ್ಲಿರಬಹುದೆಂದು ಅವನಿಗೆ ಹೊಳೆಯುತ್ತದೆ. ಹೊಸಬರಲ್ಲಿ ಇನ್ನೂ ಬೆಳೆದಿರದ ಶಕ್ತಿ ಅದೇ. ಅಪಾಯವನ್ನು ಮುಂಚಿತವಾಗಿ ಗುರುತಿಸುವ ಅಭ್ಯಾಸ ಕಡಿಮೆ ಇರುವವರಿಗೆ, ಗುರುತಿಸಲು ಬೇಕಾದ ನೋಟವೂ ಕಡಿಮೆ ಇರುವ ಗಾಡಿ ಕೊಟ್ಟಂತಾಗುತ್ತದೆ. ಜತೆಗೆ ಉದ್ದನೆಯ ಗಾಡಿ ತಿರುಗಲು ಹೆಚ್ಚು ಜಾಗ ಕೇಳುತ್ತದೆ, ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಿನಿಂದ ಬರುತ್ತದೆ. ನಿಲ್ಲಲು ಬೇಕಾಗುವ ದೂರ ಸಾಮಾನ್ಯವಾಗಿ ಕಾರಿಗಿಂತ ಹೆಚ್ಚು. ಸರಕಿಲ್ಲದೆ ಓಡುವ ಪಿಕಪ್ಪಿನ ಹಿಂಭಾಗ ಹಗುರವಾಗಿರುವುದರಿಂದ, ಹಿಂಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಮಾದರಿಗಳಲ್ಲಿ ಮಳೆ ಅಥವಾ ಹಿಮದ ರಸ್ತೆಯ ಮೇಲೆ ಹಿಂಬದಿ ಜಾರುವುದು ಸುಲಭ.

ಈ ಜಾರಾಟವನ್ನು ತಡೆಯುವ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಅಮೆರಿಕದ ಲಘು ವಾಹನಗಳಲ್ಲಿ ಪೂರ್ತಿಯಾಗಿ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ಒಂಟಿ ಗಾಡಿಯ ಮಾರಕ ಅಪಘಾತಗಳನ್ನು ಅದು ಸುಮಾರು ಅರ್ಧದಷ್ಟು ತಗ್ಗಿಸುತ್ತದೆ. ಹಿಂಬದಿಯ ಕ್ಯಾಮೆರಾ ಕಡ್ಡಾಯವಾದದ್ದು 2018ರ ಮೇ ತಿಂಗಳಿನಿಂದ. ಮಗನಿಗೆ ಕಲಿಯಲು ಹಳೆಯದೇ ಸಾಕು, ನಗ್ಗಿದರೆ ನಗ್ಗಲಿ ಎಂದು ಕೊಡುವ 2008ರ ಪಿಕಪ್ಪಿನಲ್ಲಿ ಇವೆರಡೂ ಇಲ್ಲದಿರಬಹುದು. ಗಾತ್ರದ ಚರ್ಚೆಗಿಂತಲೂ ತುರ್ತಾಗಿ ಪೋಷಕರು ನೋಡಬೇಕಾದದ್ದು ಈ ಇಸವಿಯನ್ನು ಎಂದು ತೋರುತ್ತದೆ.

ಹಳ್ಳಿಯ ಕಡೆಯ ವಾದ

ಇದರ ಎದುರು ಪಕ್ಷವನ್ನು ಬರೀ ಹಟವೆಂದು ತಳ್ಳಿಹಾಕುವುದು ತಪ್ಪಾದೀತು. ಕಾನ್ಸಸ್ ಅಥವಾ ಡಕೋಟಾದ ಹೊಲಗಳ ನಡುವಿನ ಮನೆಗೆ ಶಾಲೆ ದೂರ, ಬಸ್ಸು ಅಪರೂಪ. ಕಾನ್ಸಸ್‌ನಲ್ಲಿ 14ರ ಮಕ್ಕಳಿಗೆ ಕೃಷಿ ಕೆಲಸದ ಪರ್ಮಿಟ್ ಕೊಡುವುದು ಈ ಕಾರಣದಿಂದಲೇ. ಅಲ್ಲಿಯ ಮಕ್ಕಳು ರಸ್ತೆಗೆ ಬರುವ ಎಷ್ಟೋ ಮುಂಚೆಯೇ ಸ್ವಂತ ಜಮೀನಿನಲ್ಲಿ ಟ್ರ್ಯಾಕ್ಟರ್, ಪಿಕಪ್ ಎರಡನ್ನೂ ಓಡಿಸಿರುತ್ತಾರೆ. ಕುದುರೆ ತುಂಬಿದ ಟ್ರೇಲರ್ ಎಳೆಯಬೇಕಾದ ಮನೆಯಲ್ಲಿ ಇನ್ನೊಂದು ಸಣ್ಣ ಕಾರು ಎಂದರೆ ಇನ್ನೊಂದು ಸಾಲ, ಇನ್ನೊಂದು ವಿಮೆ. ಮುಂದೆ ಹೇಗೂ ಪಿಕಪ್ಪನ್ನೇ ಓಡಿಸಬೇಕಾದವನು ಅಪ್ಪ ಪಕ್ಕದಲ್ಲಿರುವಾಗಲೇ ಅದನ್ನು ಕಲಿಯುವುದು ಒಳಿತಲ್ಲವೇ ಎಂಬ ಅವರ ಪ್ರಶ್ನೆಗೆ ಬಲವಿದೆ. ಸಣ್ಣ ಕಾರಿನಲ್ಲಿ ಕಲಿತು, ಪೂರ್ಣ ಪರವಾನಗಿ ಬಂದ ಮೇಲೆ ಮಾರ್ಗದರ್ಶನವಿಲ್ಲದೆ ಮೊದಲ ಸಲ ದೊಡ್ಡ ಗಾಡಿ ಹತ್ತುವುದು ಇನ್ನೂ ಕೆಟ್ಟ ಕ್ರಮ.

ಈ ವಾದ ತೂಗುವುದು ಹಳ್ಳಿಯಲ್ಲಿ, ಹೊರೆ ಇರುವ ಮನೆಯಲ್ಲಿ. ಡಲ್ಲಾಸ್‌ನ ಹೊರವಲಯದ ಶಾಲೆಯ ಮುಂದೆ, ಎಂದೂ ಹುಲ್ಲಿನ ಕಟ್ಟು ಕಾಣದ ಹೊಳೆಯುವ ಪಿಕಪ್‌ಗಳ ಸಾಲಿಗೆ ಅದನ್ನೇ ಒಪ್ಪಿಸುವುದು ಕಷ್ಟ. ಅಪಾಯಕ್ಕೆ ಒಡ್ಡಿಕೊಳ್ಳುವ ಪಾದಚಾರಿಗಳು, ಸೈಕಲ್ ಸವಾರರು, ಚಿಕ್ಕ ಮಕ್ಕಳು ಇರುವುದೂ ಅಲ್ಲೇ.

ಬೇರೆಡೆಯ ದಾರಿಗಳು

ಯುರೋಪಿನಲ್ಲಿ ಸಾಮಾನ್ಯ ಬಿ ದರ್ಜೆಯ ಪರವಾನಗಿಯ ಮಿತಿ 3,500 ಕೆ.ಜಿ. ಬ್ರಿಟನ್ನಿನಲ್ಲಿ 1997ಕ್ಕೆ ಮೊದಲು ಪಾಸಾದವರಿಗೆ 7.5 ಟನ್ನಿನವರೆಗೆ ಅವಕಾಶವಿತ್ತು, ಆಮೇಲಿನವರಿಗೆ ಮಿತಿಯನ್ನು 3.5 ಟನ್ನಿಗೆ ಇಳಿಸಲಾಯಿತು. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಅಲ್ಲಿ ಅಂತಹ ಕಾರಿಗೆ ಮಾತ್ರ ಪರವಾನಗಿ. ಅಂದರೆ ಯಾವುದರಲ್ಲಿ ಕಲಿತಿರಿ ಎಂಬುದನ್ನು ಪರವಾನಗಿಯ ಮೇಲೆ ಬರೆಯುವುದು ಆಡಳಿತಕ್ಕೆ ಅಸಾಧ್ಯವಾದ ಕೆಲಸವೇನಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ಹೊಸ ಚಾಲಕರು ಟನ್ನಿಗೆ 130 ಕಿಲೋವ್ಯಾಟ್ ಮೀರಿದ ಶಕ್ತಿಯ ಗಾಡಿ ಓಡಿಸುವಂತಿಲ್ಲ. ಆದರೆ ಶಕ್ತಿಯನ್ನು ತೂಕದಿಂದ ಭಾಗಿಸುವ ಈ ಸೂತ್ರ ಭಾರದ ಗಾಡಿಗೇ ಅನುಕೂಲ. ವೇಗದ ಶೋಕಿಯನ್ನು ಅದು ತಡೆಯುತ್ತದೆ, ಗಾತ್ರವನ್ನು ತಡೆಯುವುದಿಲ್ಲ.

ಭಾರತದ ಕಾನೂನು ವಯಸ್ಸನ್ನೂ ವಾಹನವನ್ನೂ ಒಟ್ಟಿಗೆ ನೋಡುತ್ತದೆ. 16ಕ್ಕೆ 50 ಸಿ.ಸಿ. ಮೀರದ ದ್ವಿಚಕ್ರ, 18ಕ್ಕೆ ಕಾರು. ಆದರೆ ನಮ್ಮ ಎಲ್‌ಎಂವಿ (ಲಘು ಮೋಟಾರು ವಾಹನ) ದರ್ಜೆ 7,500 ಕೆ.ಜಿ.ಯವರೆಗೆ ಹಿಗ್ಗಿದೆ. ಆ ಪರವಾನಗಿ ಇದ್ದವರು ಅಷ್ಟು ತೂಕದೊಳಗಿನ ಸಾಗಣೆ ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ನೀಡಿತು. ಮಾರುತಿ ಆಲ್ಟೊದಲ್ಲಿ ಪರೀಕ್ಷೆ ಕೊಟ್ಟು ಸರಕಿನ ಗಾಡಿ ಏರುವ ನಮ್ಮ ಹುಡುಗನಿಗೂ ಅಮೆರಿಕದ ಹುಡುಗಿಗೂ ಈ ಮಟ್ಟಿಗೆ ಹೆಚ್ಚು ಅಂತರವಿಲ್ಲ.

ಮುಂದೆ ಏನಾಗಬಹುದು

ಅಮೆರಿಕದ ರಾಜ್ಯಗಳು ಹೊಸ ಚಾಲಕರಿಗೆ ತೂಕದ ಮಿತಿ ಹಾಕುವ ಸಾಧ್ಯತೆ ಸದ್ಯಕ್ಕೆ ಕಡಿಮೆ. ಅತಿ ಹೆಚ್ಚು ಮಾರಾಟವಾಗುವ ಗಾಡಿಯನ್ನೇ ಮತದಾರರ ಮಕ್ಕಳಿಂದ ದೂರವಿಡುವ ಮಸೂದೆ ತರಲು ಯಾವ ಶಾಸಕನಿಗೂ ಉತ್ಸಾಹವಿರುವುದಿಲ್ಲ. ರಾಜಧಾನಿ ವಾಷಿಂಗ್ಟನ್ ನಗರ ಬೇರೆ ದಾರಿ ಹಿಡಿದು, 6,000 ಪೌಂಡ್ ಮೀರಿದ ಗಾಡಿಗಳ ವಾರ್ಷಿಕ ನೋಂದಣಿ ಶುಲ್ಕವನ್ನು 500 ಡಾಲರಿಗೆ ಏರಿಸಲು 2022ರಲ್ಲಿ ತೀರ್ಮಾನಿಸಿತು. ಅಲ್ಲಿ ಲೆಕ್ಕಕ್ಕೆ ಬರುವುದು ಖಾಲಿ ಗಾಡಿಯ ತೂಕವಾದ್ದರಿಂದ ಭಾರೀ ಪಿಕಪ್‌ಗಳಷ್ಟೇ ಸಿಕ್ಕಿಬೀಳುತ್ತವೆ, ಸಾಮಾನ್ಯ ಎಫ್-150 ನುಣುಚಿಕೊಳ್ಳುತ್ತದೆ.

ಹಾಗಾಗಿ ಬದಲಾವಣೆ ಬರುವುದಾದರೆ ಗಾಡಿಯ ಕಡೆಯಿಂದ ಬರಬೇಕು. ಬಾನೆಟ್ ಪಾದಚಾರಿಯ ತಲೆಗೆ ಎಷ್ಟು ಪೆಟ್ಟು ಕೊಡಬಹುದು ಎಂಬುದಕ್ಕೆ ಮಿತಿ ಹಾಕುವ ಪ್ರಸ್ತಾವವನ್ನು ಕೇಂದ್ರದ ರಸ್ತೆ ಸುರಕ್ಷತಾ ಆಡಳಿತ 2024ರ ಸೆಪ್ಟೆಂಬರಿನಲ್ಲಿ ಮುಂದಿಟ್ಟಿತು. ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲಿನಲ್ಲಿ, ಎದುರಿಗೆ ಬಂದ ಗಾಡಿ ಅಥವಾ ಪಾದಚಾರಿಯನ್ನು ಗುರುತಿಸಿ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು 2029ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಲಘು ವಾಹನಗಳಿಗೆ ಕಡ್ಡಾಯಗೊಳಿಸುವ ನಿಯಮ ಹೊರಬಿತ್ತು. ತಯಾರಕರ ಒಕ್ಕೂಟ ಅದನ್ನು 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಪ್ರಶ್ನಿಸಿತು.

ನಿಯಮ ಉಳಿದರೂ ಅದರ ಫಲ ಹದಿಹರೆಯದವರ ಕೈಗೆ ತಲುಪುವುದು ನಿಧಾನ. ಅಮೆರಿಕದ ರಸ್ತೆಗಳಲ್ಲಿರುವ ವಾಹನಗಳ ಸರಾಸರಿ ವಯಸ್ಸು 12 ವರ್ಷ ದಾಟಿದೆ. 2025ರಲ್ಲಿ ಈ ವ್ಯವಸ್ಥೆ ಕಡ್ಡಾಯವಿಲ್ಲದೆ ಮಾರಾಟವಾದ ಪಿಕಪ್ ಒಂದಿಬ್ಬರ ಕೈ ದಾಟಿ, ಬೆಲೆ ಇಳಿದು, ಕಲಿಯುವ ಗಾಡಿಯಾಗಿ ಯಾರದೋ ಅಂಗಳಕ್ಕೆ ಬರುವ ಹೊತ್ತಿಗೆ 2037 ಆಗಿರುತ್ತದೆ. ಆಗ ಅದರ ಸ್ಟೀರಿಂಗ್ ಹಿಡಿಯಲಿರುವ ಹದಿನಾರರ ಚಾಲಕರಿಗೆ 2025ರಲ್ಲಿ ನಾಲ್ಕು ವರ್ಷ. ಆ ವಯಸ್ಸಿನ ಮಗುವಿನ ಸರಾಸರಿ ಎತ್ತರ ಸುಮಾರು 40 ಇಂಚು, ಅಧ್ಯಯನದಲ್ಲಿ ಎತ್ತರದ ಬಾನೆಟ್ ಎಂದು ಎಣಿಸಲು ಬಳಸಿದ ಅಳತೆಯೂ ಅಷ್ಟೇ.